ಈರಪ್ಪನ ತಕ್ಕಡಿ, ನನ್ನ ಹಿತ್ತಾಳೆ ದೀಪ

ಈರಪ್ಪ ತಕ್ಕಡಿ ತಂದ ದಿನದಿಂದ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಲ್ಡ್ ರೂಮು, ಏಸಿ, ಐಸ್ ಮಷೀನುಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಮೂವತ್ತನಾಲ್ಕು ವರ್ಷ ಕಳೆದವನು ಈ ಲೈನಿಗೆ ಹೊಸದಾಗಿ ಬರುವವರಿಗೆ ಏನಾದರೂ ಬರೆಯಲು ಹೊರಟರೆ, ತಾನು ಎಷ್ಟು ನಿಯತ್ತಿನಿಂದ ದುಡಿದೆ ಎಂದು ಬರೆಯುವುದು ವಾಡಿಕೆ. ನಾನು ಹೆಲ್ಪರ್ ಆಗಿ ಸೇರಿ ಸೀನಿಯರ್ ಟೆಕ್ನಿಶಿಯನ್ ಆಗಿ ಹೊರಗೆ ಬಂದೆ. ಬಡ್ತಿಯ ಕಥೆ ಅಷ್ಟೇ. ಉಳಿದದ್ದು ಹೊಟ್ಟೆಕಿಚ್ಚಿನ ಕಥೆ, ಮತ್ತು ನಿಮಗೆ ಉಪಯೋಗಕ್ಕೆ ಬರುವುದೂ ಅದೇ.

ನಾನು ಕಾರ್ಕಳದ ಕಡೆಯವನು. ಮುಂಬಯಿ ಬಳಿಯ ಡೊಂಬಿವಿಲಿಯಲ್ಲಿ ಮಾವನ ಮನೆಯ ಅಟ್ಟದಲ್ಲಿ ಮಲಗಿ, ಭಿವಂಡಿಯ ಒಬ್ಬ ಉಸ್ತಾದರ ಕೈಕೆಳಗೆ ಈ ವಿದ್ಯೆ ಕಲಿತೆ. ಆಮೇಲೆ ಠಾಣೆಯ ದಾಮ್ಲೆ ಸಾಹೇಬರ ಕಂಪನಿ ಸೇರಿದೆ. ಹೊಟೇಲು, ಆಸ್ಪತ್ರೆ, ಆಫೀಸುಗಳ ತಂಪು ಯಂತ್ರಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಆಗ ಇದ್ದದ್ದು ಆರ್-22 ಎಂಬ ಒಂದೇ ಗ್ಯಾಸು. ಅದನ್ನು ನಾವು ಬೆರಳಿನಿಂದ ಅಳೆಯುತ್ತಿದ್ದೆವು. ಕಂಪ್ರೆಸರಿಗೆ ವಾಪಸು ಬರುವ ಪೈಪನ್ನು ಮುಷ್ಟಿಯಲ್ಲಿ ಹಿಡಿದರೆ ಸಾಕು, ಗ್ಯಾಸು ಕಡಿಮೆಯೋ ಹೆಚ್ಚೋ ಅಂಗೈಗೆ ಗೊತ್ತಾಗುತ್ತಿತ್ತು. ಪೈಪು ಹದವಾಗಿ ಬೆವರಿದರೆ ಸರಿ. ಐಸು ಕಟ್ಟಿದರೆ ಏನೋ ತಪ್ಪಾಗಿದೆ ಎಂದು ಅರ್ಥ. ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಒಳಗಿನ ರೋಗ ಹೇಳುತ್ತಿದ್ದೆ. ಕಲ್ಯಾಣದ ಮಿಠಾಯಿ ಅಂಗಡಿಯವರು ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು, ನಾನು ಒಮ್ಮೆಯೂ ತಿದ್ದಲಿಲ್ಲ.

ಲೀಕ್ ಹುಡುಕಲು ನನ್ನ ಬಳಿ ಒಂದು ಹಿತ್ತಾಳೆ ದೀಪ ಇತ್ತು. ಉಸ್ತಾದರು ಕೆಲಸ ಬಿಡುವಾಗ ನನಗೆ ಕೊಟ್ಟದ್ದು. ಅಂಗೈಯಗಲದ ದೀಪ, ಉರಿಯ ಬಾಯಲ್ಲಿ ತಾಮ್ರದ ಬಿಲ್ಲೆ, ಪಕ್ಕದಲ್ಲಿ ಗಾಳಿ ಎಳೆಯುವ ರಬ್ಬರ್ ಕೊಳವೆ. ದೀಪ ಹಚ್ಚಿ, ಕೊಳವೆಯ ತುದಿಯನ್ನು ಪೈಪಿನ ಜೋಡಣೆಗಳ ಸುತ್ತ ಆಡಿಸಬೇಕು. ಎಲ್ಲಿ ಗ್ಯಾಸು ಸೋರುತ್ತದೋ ಅಲ್ಲಿ ನೀಲಿ ಉರಿ ಹಸಿರಾಗುತ್ತದೆ. ಗಿರಾಕಿಗಳು ಬಾಯಿ ಬಿಟ್ಟು ನೋಡುತ್ತಿದ್ದರು. ನನಗೆ ಲೀಕ್ ಸಿಕ್ಕಿದ ಸಂತೋಷಕ್ಕಿಂತ ಅವರು ನೋಡಿದ ಸಂತೋಷವೇ ಹೆಚ್ಚು.

ನಮ್ಮ ತಪ್ಪುಗಳನ್ನೂ ಹೇಳಬೇಕು. ಯಂತ್ರ ಬಿಚ್ಚುವ ಮೊದಲು ಒಳಗಿನ ಗ್ಯಾಸನ್ನು ವಾಲ್ವು ತೆರೆದು ಗಾಳಿಗೆ ಬಿಡುತ್ತಿದ್ದೆವು. ಭಿವಂಡಿಯ ಗೋದಾಮುಗಳಲ್ಲಿ ಮೇ ತಿಂಗಳ ಸೆಕೆಯಲ್ಲಿ ಆ ತಣ್ಣನೆ ಹೊಗೆಗೆ ಮುಖ ಒಡ್ಡಿ ನಿಂತು ನಗಾಡಿದ್ದೇವೆ. ಅದು ಮೇಲೆ ಹೋಗಿ ಓಝೋನ್ ಕರಗಿಸುತ್ತದೆ, ಊರನ್ನೇ ಬಿಸಿ ಮಾಡುತ್ತದೆ ಎಂದು ಯಾರೋ ಹೇಳಿದರೆ, ನಮ್ಮ ಒಂದು ಸಿಲಿಂಡರಿನಿಂದ ಆಕಾಶಕ್ಕೆ ಎಂತ ಆಗ್ತದೆ ಮಾರಾಯ ಎನ್ನುತ್ತಿದ್ದೆ.

ಈರಪ್ಪ ಬಂದದ್ದು ಇಂಥ ಕಾಲದಲ್ಲಿ. ಬೈಲಹೊಂಗಲದ ಕಡೆಯವನು, ನನಗಿಂತ ಏಳೆಂಟು ವರ್ಷ ಚಿಕ್ಕವನು. ಪುಣೆಯ ಒಂದು ಫ್ಯಾಕ್ಟರಿಯಲ್ಲಿದ್ದು ಬಂದಿದ್ದ. ಮೊದಲ ದಿನವೇ ಬ್ಯಾಗಿನಿಂದ ಒಂದು ಚಪ್ಪಟೆ ಡಿಜಿಟಲ್ ತಕ್ಕಡಿ ತೆಗೆದು ಮೇಜಿನ ಮೇಲೆ ಇಟ್ಟ. ಅದರ ಮೇಲೆ ಸಿಲಿಂಡರ್ ಕೂರಿಸಿ ಎಷ್ಟು ಗ್ರಾಂ ಗ್ಯಾಸು ಯಂತ್ರಕ್ಕೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಹಳೆ ಗ್ಯಾಸನ್ನು ಗಾಳಿಗೆ ಬಿಡದೆ ಒಂದು ಯಂತ್ರದಿಂದ ಎಳೆದು ಖಾಲಿ ಸಿಲಿಂಡರಿಗೆ ತುಂಬುತ್ತಿದ್ದ. ಆ ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದ.

"ಎಂತ ಈರಪ್ಪ, ಕಿರಾಣಿ ಅಂಗಡಿ ಹಾಕ್ಲಿಕ್ಕೆ ಬಂದದ್ದಾ?" ಎಂದು ನಾನು ಎಲ್ಲರೆದುರು ಕೇಳಿದೆ.

"ಕಿರಾಣಿ ಅಂಗಡಿನ ಅನ್ಕೋರಿ ಸದಣ್ಣ. ಕೈಲೆ ಅಳದ್ರ ಕೈಯಷ್ಟ ಬರತೈತಿ, ತಕ್ಕಡಿಲೆ ಅಳದ್ರ ಬೇಕಾದಷ್ಟ ಬರತೈತಿ" ಎಂದ. ಸಿಟ್ಟಿಲ್ಲದೆ ಹೇಳಿದ. ಅದೇ ನನಗೆ ಸಿಟ್ಟು ತರಿಸಿತು.

ಸ್ವಲ್ಪ ಕಾಲಕ್ಕೆ ಆರ್-22 ನಿಲ್ಲಿಸಬೇಕು, ಹೊಸ ಗ್ಯಾಸುಗಳಿಗೆ ಹೋಗಬೇಕು ಎಂಬ ಮಾತು ಎಲ್ಲ ಕಡೆಯಿಂದಲೂ ಬಂತು. ಹತ್ತು ದಿನದ ಟ್ರೇನಿಂಗಿಗೆ ಒಬ್ಬನನ್ನು ಕಳಿಸಬೇಕಿತ್ತು. ಸೀನಿಯರ್ ನಾನು. ದಾಮ್ಲೆ ಸಾಹೇಬರು ಕಳಿಸಿದ್ದು ಈರಪ್ಪನನ್ನು. ಅವನು ಬಂದಮೇಲೆ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ನೇತುಹಾಕಿದರು. ನಾನು ಚಹಾ ಕುಡಿಯುವ ಬೆಂಚಿನ ಎದುರಿಗೇ. ಮರುದಿನದಿಂದ ನಾನು ಚಹಾ ಕುಡಿಯಲು ಕೆಳಗೆ ರಸ್ತೆ ಬದಿಯ ಟಪರಿಗೆ ಹೋಗತೊಡಗಿದೆ.

ಘಣಸೋಲಿಯ ಒಂದು ಆಫೀಸಿನಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅಲ್ಲಿನ ಏಸಿಯಲ್ಲಿ ಮೂರು ಗ್ಯಾಸು ಬೆರೆಸಿದ ಮಿಶ್ರಣ ಇತ್ತು. ಆರ್-22ಕ್ಕೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ತುಂಬಿಸಿದ ಹಾಗೆಯೇ ಇದಕ್ಕೂ ತುಂಬಿಸಿದೆ. ತಂಪಾಗಲಿಲ್ಲ. ಇನ್ನಷ್ಟು ತುಂಬಿಸಿದೆ. ಮೂರು ಸಲ ಹೋದೆ. ನಾಲ್ಕನೇ ಸಲ ಆಫೀಸಿನ ಮ್ಯಾನೇಜರ್ ಬಾಯಿಗೆ ಬಂದ ಹಾಗೆ ಬೈದು ಕಂಪನಿಗೆ ಫೋನ್ ಮಾಡಿದ, ಈರಪ್ಪ ಬಂದ. ಸಿಲಿಂಡರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಒಳಗಿದ್ದ ಗ್ಯಾಸನ್ನೆಲ್ಲ ಹೊರಗೆ ಎಳೆದು, ಹೊಸ ಸಿಲಿಂಡರನ್ನು ತಲೆಕೆಳಗು ಮಾಡಿ ತಕ್ಕಡಿಯ ಮೇಲೆ ಇಟ್ಟು ತುಂಬಿಸಿದ. ಏಸಿ ಓಡಿತು.

ಮ್ಯಾನೇಜರ್ ಕೇಳಿದಾಗ, "ಸಿಲಿಂಡರ್ ಖರಾಬ್ ಥಾ ಸಾಬ್. ಇನ್ ಕೀ ಗಲತೀ ನಹೀ" ಎಂದು ತಪ್ಪನ್ನೆಲ್ಲ ಸಿಲಿಂಡರಿನ ಮೇಲೆ ಹಾಕಿಬಿಟ್ಟ.

ಲಿಫ್ಟಿನಲ್ಲಿ ಇಳಿಯುವಾಗ ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಮಜ್ಜಿಗಿ ಕಲಕಲಾರದ ಮ್ಯಾಲಿಂದ ಬಗ್ಗಿಸಿದ್ರ ಬರೇ ನೀರ ಬರತೈತಿ ನೋಡ್ರಿ. ಇದೂ ಹಂಗ. ಮಿಶ್ರಣದಾಗ ಹಗುರ ಇದ್ದದ್ದು ಮೊದಲ ಹೊಂಟು ಹೋಗತೈತಿ. ಉಲ್ಟಾ ಹಿಡದು ದ್ರವಾನ ತುಂಬಬೇಕ್ರಿ."

ನನ್ನ ಮಾನ ಉಳಿಸಿದವನಿಗೆ ನಾನು ಋಣಿಯಾಗಬೇಕಿತ್ತು. ಆದರೆ ಅವನು ಎಲ್ಲರೆದುರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಜಗಳ ಆಡಿದವನನ್ನು ದ್ವೇಷಿಸುವುದು ಸುಲಭ. ಮನೆಗೆ ಬಂದು ಸುಮತಿಯ ಹತ್ತಿರ ಈರಪ್ಪನ ಬಗ್ಗೆ ಅರ್ಧ ಗಂಟೆ ದೂರಿದೆ. ನನ್ನ ಹೆಂಡತಿ ಬಸಳೆ ಸೋಸುತ್ತ ಎಲ್ಲ ಕೇಳಿಸಿಕೊಂಡಳು. "ಅವನು ಮಾಡಿದ ತಪ್ಪು ಎಂತ ಅಂತ ನೀವು ಇನ್ನೂ ಹೇಳ್ಲೇ ಇಲ್ಲ ಮಾರಾಯ್ರೆ" ಎಂದಳು.

ಇನ್ನು ಶೀನಣ್ಣನ ಹೊಟೇಲಿನ ವಿಷಯ. ಠಾಣೆಯಲ್ಲಿ ಶೀನಣ್ಣನದು ಹಳೆಯ ಉಡುಪಿ ಹೊಟೇಲು. ಅದರ ಹಿಂಬದಿಯ ಕೋಲ್ಡ್ ರೂಮಿನಲ್ಲಿ ದೋಸೆ ಹಿಟ್ಟು, ಹಾಲು, ತರಕಾರಿ ಎಲ್ಲ ಇರುತ್ತಿತ್ತು. ಇಪ್ಪತ್ತೆರಡು ವರ್ಷ ಆ ಯಂತ್ರಕ್ಕೆ ನನ್ನದಲ್ಲದೆ ಬೇರೆ ಕೈ ಬಿದ್ದಿರಲಿಲ್ಲ. ಶೀನಣ್ಣ ನಮ್ಮೂರ ಕಡೆಯವರು, ನನ್ನ ಮದುವೆಗೆ ಬಂದವರು. ಯಂತ್ರ ಮುದಿಯಾಯಿತು, ಆರ್-22 ಸಿಗುವುದೂ ಕಷ್ಟವಾಯಿತು. ಪ್ರೊಪೇನ್ ತುಂಬಿದ ಹೊಸ ಯಂತ್ರ ಹಾಕಿಸುವುದು ಎಂದಾಯಿತು. ಪ್ರೊಪೇನ್ ಎಂದರೆ ನಮ್ಮ ಅಡುಗೆ ಗ್ಯಾಸಿನ ಅಣ್ಣತಮ್ಮ. ಓಝೋನಿಗೆ ಅದರಿಂದ ತೊಂದರೆಯಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ಬಹಳ ಕಡಿಮೆ. ಆದರೆ ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಯಂತ್ರಕ್ಕೆ ತುಂಬುವ ಪ್ರೊಪೇನಿಗೆ ಅಡುಗೆ ಗ್ಯಾಸಿನ ವಾಸನೆಯೂ ಇರುವುದಿಲ್ಲ.

ಶೀನಣ್ಣ ನನ್ನನ್ನು ಗಲ್ಲೆಯ ಹತ್ತಿರ ಕರೆದು ಕೂರಿಸಿ, ಕಾಫಿ ಕೊಡಿಸಿ, ತುಳುವಿನಲ್ಲಿ ಹೇಳಿದರು: "ಸದಾನಂದ, ನೀನು ಬೇಜಾರು ಮಾಡಬೇಡ. ಹೊಸ ಯಂತ್ರಕ್ಕೆ ಆ ಈರಪ್ಪನೇ ಬರಲಿ. ಗ್ಯಾಸಿನ ವಿಷಯ ನೋಡು, ಹೆದರಿಕೆ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ದಿನ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು ಅದನ್ನು ಅನುಭವಿಸಿದೆ. ನಮ್ಮವರೇ ನನ್ನನ್ನು ಬಿಟ್ಟು ಘಟ್ಟದ ಮೇಲಿನವನನ್ನು ಕೇಳುವುದಾದರೆ ಇಪ್ಪತ್ತೆರಡು ವರ್ಷ ಯಾಕೆ ಬೇಕಿತ್ತು? ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಆ ಯಂತ್ರದ ಕೋಣೆಯಲ್ಲಿ ಒಂದು ಹೊಂಡ ಇತ್ತು. ಯಾವುದೋ ಕಾಲದ ನೀರಿನ ತೊಟ್ಟಿ, ಆಳ ಸೊಂಟದವರೆಗೆ. ಅದರಿಂದ ಪಕ್ಕದ ಗ್ರೈಂಡರ್ ಕೋಣೆಗೆ ಒಂದು ಮೋರಿ ಹೋಗುತ್ತಿತ್ತು. ಮೇಲೆ ಕಡಪ ಕಲ್ಲು ಮುಚ್ಚಿ, ಕಲ್ಲಿನ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿತ್ತು. ಕೆಳಗಿನ ಜೋಡಣೆಗಳನ್ನು ನೋಡುವಾಗ ನಾನು ಕಲ್ಲು ಸರಿಸಿ, ಹೊಂಡದೊಳಗೆ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂತ ಹಾಗೆ ಕೂರುತ್ತಿದ್ದೆ. ಮಂಡಿಗೆ ಆರಾಮ. ಹೊಟೇಲಿನವರು ಕೂಡ ಅದನ್ನು ಮರೆತುಬಿಟ್ಟಿದ್ದರು. ನನ್ನ ಹೊರತು ಅದನ್ನು ಬಳಸುವವರೇ ಇರಲಿಲ್ಲ.

ಈರಪ್ಪ ಅಳತೆ ತೆಗೆಯಲು ಬಂದ ದಿನ ದಾಮ್ಲೆ ಸಾಹೇಬರು ನನ್ನನ್ನೂ ಜೊತೆಗೆ ಕಳಿಸಿದರು. ಅವನು ಗೋಡೆ, ಕಿಟಕಿ, ಸ್ವಿಚ್ಚು ಎಲ್ಲ ನೋಡಿ ಬರೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಸದಣ್ಣ, ಇಪ್ಪತ್ತೆರಡು ವರ್ಷ ಇಲ್ಲಿ ಕೆಲಸ ಮಾಡಿದವರು ನೀವು. ಇಲ್ಲಿ ಕೆಳಗ ಹೊಂಡ, ಮೋರಿ ಏನರ ಐತೇನ್ರಿ? ಇದ್ರ ಪ್ರೊಪೇನ್ ಹೋಗಿ ಅಲ್ಲೇ ಕೂಡತೈತಿ."

"ನಂಗೆ ಗೊತ್ತಿಲ್ಲ ಮಾರಾಯ" ಎಂದೆ.

ಅಷ್ಟೇ. ನಾಲ್ಕು ಮಾತಿನ ಸುಳ್ಳು ಕೂಡ ಅಲ್ಲ. ಯಾರಿಗಾದರೂ ಅಪಾಯ ಆಗಲಿ ಎಂಬ ಆಸೆ ನನಗಿರಲಿಲ್ಲ, ನಂಬಿ. ಕೆಲಸ ಒಪ್ಪಿಸುವ ದಿನ ಹೊಂಡ ಬಯಲಾಗಲಿ, ಸರ್ಟಿಫಿಕೇಟಿನವನಿಗೆ ಎಲ್ಲರೆದುರು ನಾಚಿಕೆಯಾಗಲಿ, ಶೀನಣ್ಣ ನನ್ನನ್ನು ಕರೆಸಿ "ನೀನೇ ಬೇಕಿತ್ತು" ಎನ್ನಲಿ, ಅಷ್ಟೇ ನನ್ನ ಆಸೆ. ಆದರೆ ಒಪ್ಪಿಸುವ ದಿನ ಏನೂ ಬಯಲಾಗಲಿಲ್ಲ. ಶೀನಣ್ಣ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದರು. ನನಗೆ ಎರಡು ತುಂಡು ಕೊಟ್ಟರು. ಆಮೇಲೆ ನಾನು ಹೊಂಡದ ವಿಷಯ ಹೇಳಬಹುದಿತ್ತು. ಈಗ ಹೇಳಿದರೆ ಆಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು ಸುಮ್ಮನಾದೆ. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು.

ಆ ಮಳೆಗಾಲದಲ್ಲಿ ಈರಪ್ಪ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ಬೆಳಿಗ್ಗೆ ಶೀನಣ್ಣನ ಹೊಟೇಲಿನಿಂದ ಆಫೀಸಿಗೆ ಫೋನ್ ಬಂತು, ಕೋಲ್ಡ್ ರೂಮು ನಿಂತಿದೆ ಎಂದು. ದಾಮ್ಲೆ ಸಾಹೇಬರು ನನ್ನನ್ನು ಹೋಗಲು ಹೇಳಿ, "ಈರಪ್ಪಾಚೀ ವಹೀ ಘೇವೂನ್ ಜಾ", ಈರಪ್ಪನ ನೋಟ್‌ಬುಕ್ ತೆಗೆದುಕೊಂಡು ಹೋಗು ಎಂದು ಕಪಾಟು ತೋರಿಸಿದರು. ಅದರಲ್ಲಿ ಈರಪ್ಪನ ನೋಟ್‌ಬುಕ್ಕೂ, ಪ್ರೊಪೇನ್ ಸೋರಿಕೆ ಪತ್ತೆ ಮಾಡುವ ಅವನ ಡಿಟೆಕ್ಟರೂ ಇದ್ದವು. ಹೂಂ ಎಂದೆ. ಎರಡನ್ನೂ ಮುಟ್ಟಲಿಲ್ಲ. ನನ್ನ ಯಂತ್ರವನ್ನು ನೋಡಲು ಅವನ ಪುಸ್ತಕ ಯಾಕೆ? ಬ್ಯಾಗಿನಲ್ಲಿ ನನ್ನ ಹಿತ್ತಾಳೆ ದೀಪ ಇದೆಯಾ ಎಂದು ಮಾತ್ರ ನೋಡಿಕೊಂಡೆ. ಮಳೆಯಲ್ಲಿ ನೆನೆಯುತ್ತ ನಡೆದೆ, ಹಾಡು ಗುನುಗುತ್ತಿದ್ದೆ ಅಂತಲೂ ನೆನಪು.

"ಬಂದೆಯಾ ಮಾರಾಯ" ಎಂದರು ಶೀನಣ್ಣ. "ಕೋಲ್ಡ್ ರೂಮು ಮಾತ್ರ ಅಲ್ಲ, ಗ್ರೈಂಡರೂ ನಿಂತಿದೆ. ಒಂದು ಪೆಟ್ಟಿಗೆಯಲ್ಲಿ ಕೆಂಪು ದೀಪ ಉರೀತಾ ಇದೆ."

"ವೈರಿಂಗ್ ಸರಿ ಮಾಡಿಲ್ಲ ಶೀನಣ್ಣ. ಹೊಸಬರ ಕೆಲಸವೇ ಹೀಗೆ" ಎಂದೆ. ಅದನ್ನು ಹೇಳುವಾಗ ಬಾಯಿಗೆ ಸಿಹಿ ಹಾಕಿದಂತಿತ್ತು.

ಯಂತ್ರದ ಕೋಣೆಯಲ್ಲಿ ಗೋಡೆಯ ಮೇಲೆ ಕೆಂಪು ದೀಪ, ಮೂಲೆಯಲ್ಲಿ ಒಂದು ಸಣ್ಣ ಫ್ಯಾನು ಓಡುತ್ತಿತ್ತು. ಇವೆಲ್ಲ ಈರಪ್ಪನ ಆಟಿಕೆಗಳು ಎಂದುಕೊಂಡೆ. ಯಂತ್ರದ ಮೇಲೆ ಬೆಂಕಿಯ ಗುರುತಿನ ಸ್ಟಿಕರ್ ಇತ್ತು, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಸೂಚನೆಗಳಿದ್ದವು. ದಿನಾ ನೂರು ಸ್ಟಿಕರ್ ನೋಡುವವನಿಗೆ ಸ್ಟಿಕರ್ ಕಾಣುವುದಿಲ್ಲ. ಯಂತ್ರ ನಿಂತರೆ ಮೊದಲು ಲೀಕ್ ನೋಡಬೇಕು, ಲೀಕ್ ಎಂದರೆ ದೀಪ. ಮೂವತ್ತು ವರ್ಷದಿಂದ ತಲೆಯನ್ನು ಕೇಳದೆ ಕೈ ಮಾಡುತ್ತಿದ್ದ ಕೆಲಸ ಅದು. ಎಡಗೈಯಲ್ಲಿ ದೀಪ ಹಿಡಿದೆ, ಬಲಗೈಯಲ್ಲಿ ಲೈಟರ್. ಪ್ರೊಪೇನಿಗೆ ಆ ಉರಿ ಹಸಿರಾಗುವುದೂ ಇಲ್ಲ ಎಂಬುದು ಆ ಕ್ಷಣಕ್ಕೆ ನನ್ನ ನೆನಪಿಗೇ ಬರಲಿಲ್ಲ. ಹಚ್ಚುವ ಮೊದಲು ಸರಿಯಾಗಿ ಕೂರಬೇಕಲ್ಲ, ಮಂಡಿ ಕೇಳಬೇಕಲ್ಲ. ಕಾಲಿನಿಂದ ರಬ್ಬರ್ ಮ್ಯಾಟನ್ನು ಸರಿಸಿದೆ.

ಕಡಪ ಕಲ್ಲಿನ ಮೇಲೆ ಕೆಂಪು ಪೇಂಟಿನಲ್ಲಿ, ಕನ್ನಡದಲ್ಲಿ ಬರೆದಿತ್ತು:

ಸದಣ್ಣ, ಇಲ್ಲಿ ದೀಪ ಹಚ್ಚಬ್ಯಾಡ್ರಿ.

ಕಲ್ಲಿನ ಅಂಚಿನಲ್ಲಿ ಈರಪ್ಪ ಒಂದು ತೂತು ಕೊರೆದು ತೆಳ್ಳಗಿನ ವೈರು ಹೊಂಡದೊಳಗೆ ಇಳಿಸಿದ್ದ. ಕೆಳಗೆ ಗ್ಯಾಸು ಕೂತರೆ ಗೊತ್ತಾಗುವ ಸೆನ್ಸರ್. ಅದು ಗ್ಯಾಸು ಕಂಡಿತ್ತು, ಯಂತ್ರವನ್ನೂ, ಮೋರಿಯ ಆಚೆ ತುದಿಯಲ್ಲಿ ಕಿಡಿ ಹಾರಿಸಬಹುದಾದ ಗ್ರೈಂಡರನ್ನೂ ನಿಲ್ಲಿಸಿ, ಫ್ಯಾನು ಹಚ್ಚಿ, ಕೆಂಪು ದೀಪ ಉರಿಸಿತ್ತು. ವೈರಿಂಗ್ ಸರಿಯಾಗಿಯೇ ಇತ್ತು. ನಾನು ಸುಳ್ಳು ಹೇಳಿ ಮುಚ್ಚಿದ ಹೊಂಡದ ಬಾಯಲ್ಲಿ ನಾನೇ ಲೈಟರ್ ಹಿಡಿದುಕೊಂಡು ನಿಂತಿದ್ದೆ. ಗೋಡೆಯ ಆಚೆ ಹಿಟ್ಟು ರುಬ್ಬುವ ನಾಲ್ಕು ಜನ ಮಾತಾಡುವುದು ಕೇಳುತ್ತಿತ್ತು.

ಲೈಟರನ್ನು ಕಿಸೆಗೆ ಹಾಕಿದೆ. ಯಾವ ಸ್ವಿಚ್ಚೂ ಮುಟ್ಟಬೇಡಿ, ಒಲೆ ಆರಿಸಿ, ಎಲ್ಲರೂ ಹೊರಗೆ ಬನ್ನಿ ಎಂದು ಕೂಗಿದೆ. ಹಿಂಬಾಗಿಲು ಪೂರ್ತಿ ತೆರೆಸಿದೆ. ಇಡ್ಲಿ ತಿನ್ನುತ್ತಿದ್ದ ಗಿರಾಕಿಗಳು ತಟ್ಟೆ ಹಿಡಿದುಕೊಂಡೇ ಮಳೆಯಲ್ಲಿ ನಿಂತರು. ರಸ್ತೆಯ ಆಚೆ ಒಂದು ಅಂಗಡಿಯ ಸೂರಿನಡಿ ನಿಂತು ಈರಪ್ಪನಿಗೆ ಫೋನ್ ಮಾಡಿದೆ. ಅವನ ಕಡೆಯಿಂದ ಮದುವೆಯ ವಾಲಗ ಕೇಳುತ್ತಿತ್ತು.

"ಈರಪ್ಪ, ಶೀನಣ್ಣನ ಹೊಟೇಲಲ್ಲಿದ್ದೇನೆ" ಎಂದೆ.

"ಓದಿದ್ರ್ಯಾ?" ಎಂದ.

"ಓದಿದೆ."

"ಹಂಗಾರ ಏನೂ ಆಗಿಲ್ಲ ಬಿಡ್ರಿ. ಫ್ಯಾನ್ ಒಂದು ತಾಸು ಓಡ್ಲಿ. ಆಫೀಸಿನಿಂದ ಡಿಟೆಕ್ಟರ್ ತರಸ್ರಿ, ನೋಟ್‌ಬುಕ್ಕಿನ್ಯಾಗ ಎಲ್ಲಾ ಬರದೀನಿ. ಒಂದೊಂದ ಓದಿಕೋತ ಮಾಡ್ರಿ, ನಿಮಗ ಬರತೈತಿ."

ಹಾಲಿನ ಕ್ರೇಟುಗಳನ್ನು ಯಾರೋ ಪೈಪಿಗೆ ಒತ್ತಿ ಪೇರಿಸಿದ್ದರಿಂದ ಒಂದು ನಟ್ಟು ಸಡಿಲಾಗಿತ್ತು. ಅವನ ಪುಸ್ತಕ ನೋಡಿಕೊಂಡು ಸರಿ ಮಾಡಿದೆ. ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಗ್ಯಾಸು ತುಂಬಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅವನು ಊರಿಂದ ಬಂದ ಮೇಲೆ ಡೊಂಬಿವಿಲಿ ಸ್ಟೇಷನ್ನಿನ ಸೇತುವೆಯ ಮೇಲೆ ಅವನನ್ನು ತಡೆದು ನಿಲ್ಲಿಸಿದೆ. ಜನ ಎರಡೂ ಕಡೆಯಿಂದ ತಳ್ಳುತ್ತಿದ್ದರು. ಹೊಂಡ ಇರುವುದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಗೊತ್ತಿಲ್ಲ ಅನ್ನೂಮುಂದ ನೀವು ಎರಡು ಹೆಜ್ಜಿ ಸರದು ಆ ಮ್ಯಾಟಿನ ಮ್ಯಾಲ ಹೋಗಿ ನಿಂತ್ರಿ" ಎಂದ. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗ. ನೀವು ಹೋದಮ್ಯಾಲ ಮ್ಯಾಟ್ ಎತ್ತಿ ನೋಡಿದ್ನಿ."

"ಸಾಹೇಬರಿಗೆ ಹೇಳ್ಬಹುದಿತ್ತಲ್ಲ? ಶೀನಣ್ಣನಿಗೆ?"

"ಹೇಳಿ ಏನ ಮಾಡೂದ್ರಿ? ಒಂದಿಲ್ಲ ಒಂದಿನ ನಾ ಇಲ್ಲದಾಗ ನೀವ ಬರ್ತಿದ್ರಿ. ಬಂದವರು ಆ ಮ್ಯಾಟ್ ಸರಸ್ತಿದ್ರಿ. ಅದಕ್ಕ ಅಲ್ಲೇ ಬರದ್ನಿ." ಅಷ್ಟರಲ್ಲಿ ಅವನ ಲೋಕಲ್ ರೈಲು ಬಂತು, ಹೋದ.

ಆಮೇಲೆ ನಾನು ಅವನಿಂದಲೇ ಹೊಸ ಗ್ಯಾಸುಗಳ ಕೆಲಸ ಕಲಿತೆ. ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಕೊಟ್ಟು ಪಾಸಾದೆ. ದೀಪವನ್ನು ಸುಮತಿ ದೇವರ ಗೂಡಿನ ಪಕ್ಕ ಇಟ್ಟಿದ್ದಾಳೆ, ಉಜ್ಜಿ ಹೊಳೆಯಿಸುತ್ತಾಳೆ. ಹೊಟ್ಟೆಕಿಚ್ಚು ಹೋಯಿತೇ ಎಂದು ನೀವು ಕೇಳಿದರೆ, ಇಲ್ಲ. ಮೊದಲು ಅವನ ತಕ್ಕಡಿಯ ಮೇಲೆ ಇತ್ತು, ಸರ್ಟಿಫಿಕೇಟಿನ ಮೇಲೆ ಇತ್ತು. ಅವು ನನಗೂ ಸಿಕ್ಕವು. ಈಗ ಇರುವುದು ಕಲ್ಲಿನ ಮೇಲಿನ ಆ ಒಂದು ಸಾಲಿನ ಮೇಲೆ. ಅವನ ಜಾಗದಲ್ಲಿ ನಾನಿದ್ದರೆ ದಾಮ್ಲೆ ಸಾಹೇಬರ ಕೋಣೆಗೆ ನೆಟ್ಟಗೆ ಹೋಗುತ್ತಿದ್ದೆ, ಪೇಂಟಿನ ಡಬ್ಬಿ ಹುಡುಕುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿದೆ.

ಈರಪ್ಪ ಈಗ ನವಿ ಮುಂಬಯಿಯ ಒಂದು ತರಬೇತಿ ಕೇಂದ್ರದಲ್ಲಿ ಕಲಿಸುತ್ತಾನೆ. ಹೋದ ತಿಂಗಳು ಶೀನಣ್ಣನ ಹೊಟೇಲಿಗೆ ದೋಸೆ ತಿನ್ನಲು ಹೋದಾಗ ಅವನು ನಾಲ್ಕೈದು ಜನ ಕಲಿಯುವವರನ್ನು ಯಂತ್ರ ತೋರಿಸಲು ಕರೆತಂದಿದ್ದ. ನನ್ನನ್ನೂ ಒಳಗೆ ಕರೆದ. ಮ್ಯಾಟ್ ಸರಿಸಿ ಸೆನ್ಸರ್ ತೋರಿಸಿದ. ಕಲ್ಲಿನ ಮೇಲಿನ ಅಕ್ಷರ ಮಾಸಿದ್ದರೂ ಓದಬಹುದಿತ್ತು. ಅವರಲ್ಲಿ ಒಬ್ಬಳು, ನಮ್ಮ ಕಡೆಯದೇ ಹುಡುಗಿ, ಮನೆಯಲ್ಲಿ ತುಳು ಆಡುವವಳು, ಕನ್ನಡ ಓದಲು ಬಾರದವಳು, ನನ್ನನ್ನು ಕೇಳಿದಳು: "ಅಂಕಲ್, ಯೇ ಕ್ಯಾ ಲಿಖಾ ಹೈ?"

"ಇಲ್ಲಿ ದೀಪ ಹಚ್ಚಬೇಡಿ ಅಂತ" ಎಂದೆ.

ಮೊದಲ ಪದ ಬಿಟ್ಟು ಓದಿದೆ. ಈರಪ್ಪ ಪಕ್ಕದಲ್ಲೇ ನಿಂತಿದ್ದ, ಕೇಳಿಸಿಕೊಂಡ. ಮ್ಯಾಟನ್ನು ಮತ್ತೆ ಎಳೆದು ಮುಚ್ಚಿದ. ಮನೆಗೆ ಬಂದು ಇದನ್ನೆಲ್ಲ ಬರೆಯಲು ಕೂತೆ. ಆ ಹುಡುಗಿಗೆ ಯಾರಾದರೂ ಓದಿ ಹೇಳಿ, ಆ ಸಾಲಿನ ಮೊದಲ ಪದ ಸದಣ್ಣ ಎಂದು.